ಅತ್ತಿಗೆಯ ಪ್ರಿಂಟರ್‌ಗೆ ಮಹಡಿಯಿಂದ ದಾರಿ

ನನ್ನ ಗಂಡನ ಅಕ್ಕ ಕುಂದಾಪುರದ ಮನೆಯ ಚಾವಡಿಯಲ್ಲಿ ಕುಳಿತು ಮದುವೆಗಳನ್ನು ಕೂಡಿಸುತ್ತಿದ್ದರು. ಬೈಂದೂರಿನಿಂದ ಬ್ರಹ್ಮಾವರದವರೆಗೆ ನಮ್ಮವರ ಪೈಕಿ ಅವರಿಗೆ ಗೊತ್ತಿಲ್ಲದ ಮನೆ ಇರಲಿಲ್ಲ. ಯಾರ ಮಗ ಮುಂಬೈಯಲ್ಲಿ ಸೋದರಮಾವನ ಹೋಟೆಲಿನ ಹಣದ ಗಲ್ಲೆಯಲ್ಲಿ ಕೂರುತ್ತಾನೆ, ಯಾರ ಮಗಳು ಸಿಟ್ಟು ಬಂದರೆ ಊಟ ಬಿಡುತ್ತಾಳೆ, ಯಾವ ಮನೆಯ ಅತ್ತೆಯ ಬಾಯಿ ಗದ್ದೆಯಾಚೆಗೂ ಕೇಳುತ್ತದೆ, ಎಲ್ಲವೂ ಅವರ ನಾಲಿಗೆಯ ತುದಿಯಲ್ಲಿ ಇರುತ್ತಿತ್ತು. ಎರಡು ಸಾವಿರನೇ ಇಸವಿ ದಾಟಿದ ಮೇಲೆ ಅದೆಲ್ಲ ಕಂಪ್ಯೂಟರ್ ಒಳಗೆ ಹೋಯಿತು. ಜಾತಕ ಬರೆಯುವ ಸಾಫ್ಟ್‌ವೇರ್ ಬಂತು, ಜೊತೆಗೊಂದು ಪ್ರಿಂಟರ್ ಬಂತು.

ಮನೆ ಅವರದ್ದೇ. ನಮ್ಮಲ್ಲಿ ಮನೆ ತಾಯಿಯಿಂದ ಮಗಳಿಗೆ ಇಳಿಯುತ್ತದೆ; ತಮ್ಮ ಇರಬಹುದು, ತಮ್ಮನ ಹೆಂಡತಿಯೂ ಇರಬಹುದು, ಆದರೆ ಇರುವುದು ಬೇರೆ, ಮನೆಯವರಾಗುವುದು ಬೇರೆ. ನನ್ನವರಿಗೆ ಬ್ಯಾಂಕಿನಿಂದ ರಿಟೈರ್ ಆದ ಮೇಲೆ ಹುಟ್ಟಿದ ಮನೆಯಲ್ಲಿಯೇ ಇರಬೇಕೆಂಬ ಆಸೆ ಹುಟ್ಟಿತು. ನಾನು ಆಗತಾನೇ ಹೈಸ್ಕೂಲಿನ ಇಂಗ್ಲಿಷ್ ಟೀಚರ್ ಕೆಲಸದಿಂದ ನಿವೃತ್ತಳಾಗಿದ್ದೆ. ಮಹಡಿಯ ಒಂದು ಕೋಣೆ ನಮಗೆ ಸಿಕ್ಕಿತು. ಮೊದಲ ದಿನವೇ ಅತ್ತಿಗೆ ನನ್ನ ಪುಸ್ತಕದ ಪೆಟ್ಟಿಗೆಗಳನ್ನು ಕಂಡು ಹೇಳಿದ್ದು: "ಹೆಣೆ, ಇದನ್ನೆಲ್ಲ ಎಂತಕ್ ತಂದೆ? ಒರ್ಲಿ ಹಿಡಿತಿತ್ತ್ ಅಷ್ಟೆ." ಗೆದ್ದಲಿನ ಮಾತು, ವೆಲ್‌ಕಮ್ ಎಂದರೆ ಅದೇ.

ಫ್ರ್ಯಾಂಕ್ ಆಗಿ ಹೇಳುತ್ತೇನೆ, ಅವರು ನನಗೆ ಎಂದೂ ಇಷ್ಟವಾಗಲಿಲ್ಲ. ಅವರಿಗೂ ನಾನು ಇಷ್ಟವಾಗಲಿಲ್ಲ. ನನಗೆ ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ ಇಂಗ್ಲಿಷ್ ಇತ್ತು, ಊಟದ ಮೇಜಿನಲ್ಲಿ ಮೊಣಕೈ ಊರಬಾರದೆಂಬ ಶಿಸ್ತು ಇತ್ತು, ಮಧ್ಯಾಹ್ನ ಕಿಟಕಿಯ ಬಳಿ ಕುಳಿತು ಓದುವ ಚಟ ಇತ್ತು. ಅವರ ಪ್ರಕಾರ ಇವು ಮೂರೂ ಸೋಮಾರಿತನದ ಬೇರೆ ಬೇರೆ ಹೆಸರುಗಳು. ಆದರೆ ಅವರಿಗೆ ನನ್ನ ಇಂಗ್ಲಿಷ್ ಬೇಕಾಗಿತ್ತು. ಮುಂಬೈ, ದುಬೈ ಕಡೆಯ ಗಂಡಿನವರು ಬಯೋಡೇಟಾ ಇಂಗ್ಲಿಷಿನಲ್ಲಿ ಕೇಳಲು ಶುರುಮಾಡಿದ್ದರು. ಹೆಣ್ಣುಮಕ್ಕಳ ವಿವರಗಳನ್ನು ಅವರು ಕನ್ನಡದಲ್ಲಿ ಹೇಳುವುದು, ನಾನು ಮಹಡಿಯಲ್ಲಿ ನನ್ನ ಕಂಪ್ಯೂಟರಿನಲ್ಲಿ ಟೈಪ್ ಮಾಡುವುದು ಎಂದಾಯಿತು. 'ಹೆಣ್ ಕಪ್ಪ್, ಆದ್ರೆ ಕೆಲ್ಸಕ್ಕೆ ಗಟ್ಟಿ' ಎಂಬುದನ್ನು ನಾನು 'ಡಸ್ಕೀ, ಎನರ್ಜೆಟಿಕ್' ಎಂದು ಮಾಡುತ್ತಿದ್ದೆ. ಫ್ಲಾಪಿಯಲ್ಲಿ ಹಾಕಿ ಕೆಳಗೆ ತಂದರೆ ಅತ್ತಿಗೆ ಬಂದವರೆದುರಿಗೆ ಕೈಚಾಚುತ್ತಿದ್ದರು, ಮುಖ ನೋಡುತ್ತಿರಲಿಲ್ಲ. "ನಮ್ಮ ತಮ್ಮನ ಹೆಂಡ್ತಿ. ಟೈಪ್ ಮಾಡ್ತ್ರ್" ಎನ್ನುತ್ತಿದ್ದರು. ಇಡೀ ಬದುಕು ಪಾಠ ಮಾಡಿದವಳು ಬಾಗಿಲ ಬಳಿ ಫ್ಲಾಪಿ ಹಿಡಿದು ನಿಂತಿರಬೇಕು. ಅದು ತಪ್ಪಲೆಂದು ನಾನೇ ನನ್ನವರ ಕಿವಿ ಕಚ್ಚಿ, ತಲ್ಲೂರಿನ ಕಂಪ್ಯೂಟರ್ ಅಂಗಡಿಯವನನ್ನು ಕರೆಸಿ, ಎರಡು ಕಂಪ್ಯೂಟರ್‌ಗಳ ನಡುವೆ ವಯರ್ ಎಳೆಸಿದೆ. ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಬೂದು ಬಣ್ಣದ ಚಿಕ್ಕದೊಂದು ಬಾಕ್ಸ್. ಮೇಲಿನಿಂದ ನನ್ನ ವಯರ್, ಚಾವಡಿಯಿಂದ ಅವರ ವಯರ್, ಎರಡೂ ಅಲ್ಲಿಗೆ ಬಂದು ಸೇರುತ್ತಿದ್ದವು. ಇನ್ನು ಮುಂದೆ ನಾನು ಮೇಲೆ ಕುಳಿತು ಪ್ರಿಂಟ್ ಕೊಟ್ಟರೆ ಕಾಗದ ಕೆಳಗೆ ಬರುತ್ತಿತ್ತು. ಒಬ್ಬರ ಮುಖ ಒಬ್ಬರು ನೋಡುವ ಅಗತ್ಯವೇ ಇರಲಿಲ್ಲ. ಆ ಕೆಲವು ತಿಂಗಳು ನಮ್ಮ ಮನೆಯಲ್ಲಿ ಶಾಂತಿ ಇತ್ತು.

ಕಾಗದದ ವಿಷಯ ಹೇಳಬೇಕು. ಅತ್ತಿಗೆ ಕಾಗದದ ಹೊಸ ಕಟ್ಟು ಒಡೆದ ಕೂಡಲೇ ದೇವರೆದುರು ಇಟ್ಟು ನಾಲ್ಕು ಮೂಲೆಗೂ ಅರಶಿನ ಸವರುತ್ತಿದ್ದರು. ಆ ಮೂಲೆ ಹಳದಿಯಾದ ಕಾಗದ ಅವರ ಪ್ರಿಂಟರಿನಲ್ಲಿ ಮಾತ್ರ ಇರುತ್ತಿತ್ತು. ಅತ್ತಿಗೆಯನ್ನು 'ಅಮ್ಮ' ಎನ್ನುತ್ತಿದ್ದ ಊರವರಿಗೆಲ್ಲ ಅದರ ಗುರುತು ಇತ್ತು. ಹಳದಿ ಮೂಲೆ ಇಲ್ಲದ ಬಯೋಡೇಟಾವನ್ನು ಯಾರಾದರೂ ಕೈಯಲ್ಲಿ ಹಿಡಿದು ಬಂದರೆ ಗಂಡಿನವರು ಓದುತ್ತಲೂ ಇರಲಿಲ್ಲ, 'ಅಮ್ಮ ಕೊಟ್ಟದ್ದಲ್ಲ' ಎಂದು ಪಕ್ಕಕ್ಕೆ ಇಟ್ಟುಬಿಡುತ್ತಿದ್ದರು.

ಈಗ ನನ್ನ ಅಕ್ಕನ ಮಗಳ ಮಾತು. ಬ್ರಹ್ಮಾವರದ ನನ್ನ ತಾಯಿಮನೆಯಲ್ಲಿ ಅಕ್ಕ ಮತ್ತು ಅವಳು ಇದ್ದರು. ಹುಡುಗಿ ಕೊಕ್ಕರ್ಣೆ ಕಡೆಯ ಒಂದು ಶಾಲೆಯಲ್ಲಿ ವಿಜ್ಞಾನದ ಟೀಚರ್. ಮೂವತ್ತು ದಾಟಿತ್ತು. ಒಂದು ಸಂಬಂಧ ನಿಶ್ಚಯದವರೆಗೆ ಬಂದು, ಗಂಡಿನವರು ಕಾರಣ ಹೇಳದೆ ಬಿಟ್ಟುಹೋಗಿದ್ದರು. ಆಮೇಲೆ ಬಂದವರೆಲ್ಲ ಕಾಫಿ ಕುಡಿದು 'ತಿಳಿಸ್ತೇವೆ' ಎಂದು ಹೋದವರೇ, ತಿಳಿಸಿದವರಿಲ್ಲ. ಆಮೇಲಾಮೇಲೆ ಬರುವುದೂ ನಿಂತಿತು. ಯಾಕೆಂದರೆ ಈ ಮೂರು ಊರಿನ ನಡುವೆ ಬರುವ ಸಂಬಂಧಗಳೆಲ್ಲ ನಮ್ಮ ಅತ್ತಿಗೆಯ ಚಾವಡಿಯನ್ನು ಹಾದೇ ಬರಬೇಕಿತ್ತು, ಮತ್ತು ಅತ್ತಿಗೆ ಅವಳ ಕಾಗದವನ್ನು ಹೊರಗೆ ಬಿಡುತ್ತಿರಲಿಲ್ಲ. ಬಹಳ ಹಿಂದೆ ಇವಳಿಗೆಂದು ಅವರು ತಂದ ಒಂದು ಗಂಡನ್ನು ನನ್ನ ಅಕ್ಕ ಬೇಡವೆಂದಿದ್ದಳಂತೆ.

ಹುಡುಗಿಯೇ ಒಂದು ದಿನ ನನಗೆ ಫೋನು ಮಾಡಿದಳು. "ಚಿಕ್ಕಮ್ಮ, ನಂಗೆ ಮದಿ ಆಯ್ಲೇಬೇಕ್ ಅಂದೇನ್ ಇಲ್ಲ. ಆದ್ರೆ ನನ್ನನ್ನ್ ಯಾರಿಗೂ ತೋರ್ಸದೇ ಡಬ್ಬಿಯೊಳ್ಗೆ ಹಾಕಿ ಇಟ್ಟದ್ದ್ ಮಾತ್ರ ತಡೂಕಾತಿಲ್ಲ. ಒಂದ್ ಸಲ ಹೊರಗೆ ಬಿಡಿಸಿ. ಬಾಕಿದ್ದ್ ನಾನ್ ಕಾಣ್ಕಂತೆ."

ನಾನು ಅವಳ ಬಯೋಡೇಟಾವನ್ನು ಬರೆದೆ. ನಾನು ಬರೆದವುಗಳಲ್ಲಿ ಅದೇ ಬೆಸ್ಟ್. ಒಂದೂ ಸುಳ್ಳಿಲ್ಲ, ಒಂದೂ 'ಹೋಮ್ಲೀ' ಇಲ್ಲ. ಅತ್ತಿಗೆಗೆ ಹೇಳಿದೆ. "ಕಾಂಬ" ಎಂದರು. ನೋಡೋಣ ಎಂಬ ಆ 'ಕಾಂಬ'ದ ಅರ್ಥ 'ಇಲ್ಲ' ಎಂದು ನನಗೆ ಗೊತ್ತು. ಎರಡನೆಯ ಸಲ ಹೇಳಿದೆ. "ಜಾತ್ಕದಗೆ ಕುಜ ಇತ್ತಲೆ ಹೆಣೆ, ನನ್ನ ಹೆಸ್ರ್ ಹಾಳ್ ಮಾಡ್ಕಣೂಕೆ ಆತಿಲ್ಲ" ಎಂದರು. ಮೂರನೆಯ ಸಲ ಕೇಳಿದಾಗ ಎಲೆಯಡಿಕೆಯ ತಟ್ಟೆ ದೂಡಿ ನೇರ ಹೇಳಿದರು: "ನಿನ್ ಅಕ್ಕ ಅವತ್ತ್ ನನ್ನ ಮೋರೆ ಮೇಲೆ ಬಾಗ್ಲ್ ಹಾಕಿದ್ಲ್. ಈಗ ಅದೇ ಬಾಗ್ಲಗೆ ನಿಂತ್ಕಂಡ್ ಕಾಯ್ಲಿ."

ಅಷ್ಟರಲ್ಲಿ ಬೈಂದೂರಿನ ಒಂದು ಮನೆಯವರು ಬರುವ ಭಾನುವಾರ ಬರುತ್ತಾರೆಂದು ಗೊತ್ತಾಯಿತು. ಮಗನಿಗೆ ಮುಂಬೈಯಲ್ಲಿ ಹೋಟೆಲು, ವಯಸ್ಸೂ ಸರಿಹೊಂದುವಂಥದ್ದು, ಟೀಚರ್ ಆದರೆ ಒಳ್ಳೆಯದೆಂದು ಅವರೇ ಹೇಳಿದ್ದರಂತೆ. ಅವರಿಗೆ ಅತ್ತಿಗೆ ತೋರಿಸುವ ಕಟ್ಟಿನಲ್ಲಿ ಅವಳ ಕಾಗದ ಇರಬೇಕು. ಅತ್ತಿಗೆಯ ಕೈಯಿಂದ ಅದು ಆಗದು. ಆದರೆ ಪ್ರಿಂಟರಿಗೆ ನನ್ನ ಕೋಣೆಯಿಂದ ದಾರಿ ಇತ್ತಲ್ಲ. ಭಾನುವಾರದ ಮೊದಲು, ಅತ್ತಿಗೆ ಸ್ನಾನಕ್ಕೆ ಹೋದ ಹೊತ್ತಿನಲ್ಲಿ ಒಂದು ಪ್ರಿಂಟ್ ಕೊಟ್ಟು, ನಾನೇ ಕೆಳಗಿಳಿದು ಕಟ್ಟಿನೊಳಗೆ ಸೇರಿಸಿಬಿಡುವುದೆಂದು ಯೋಚಿಸಿದೆ. ಮೂಲೆ ಹಳದಿ ಇದ್ದ ಮೇಲೆ ಯಾರು ಕೇಳುತ್ತಾರೆ?

ಆ ವಾರದ ಮೊದಲಿಗೇ ಹೊಸ್ತಿನ ಹಬ್ಬ ಬಂತು. ಗದ್ದೆಯಿಂದ ಹೊಸ ಭತ್ತದ ಕದಿರು ತಂದು ಪೂಜೆ ಮಾಡಿ, ಮಾವಿನೆಲೆ ಹಲಸಿನೆಲೆಯ ಜೊತೆ ಸುತ್ತಿ, ನಾರಿನಿಂದ ಮನೆಯ ಎಲ್ಲದಕ್ಕೂ ಕಟ್ಟುವುದು ನಮ್ಮ ಕ್ರಮ. ಕಂಬಕ್ಕೆ, ಬಾಗಿಲಿಗೆ, ಬಾವಿಯ ಕಟ್ಟೆಗೆ, ಅಕ್ಕಿ ಮುಡಿಗೆ, ಸ್ಕೂಟರಿಗೆ. ಕಟ್ಟಿದ ಮೇಲೆ ಮುಂದಿನ ವರ್ಷದ ಹೊಸ್ತಿನವರೆಗೆ ಅದನ್ನು ಯಾರೂ ಬಿಚ್ಚುವ ಹಾಗಿಲ್ಲ. ಹೊಸ್ತಿಗೆ ನಾನು ಪ್ರತಿವರ್ಷ ಬ್ರಹ್ಮಾವರಕ್ಕೆ, ನನ್ನ ತಾಯಿಮನೆಗೆ ಹೋಗುತ್ತಿದ್ದೆ. ಆ ವರ್ಷವೂ ಹೋಗಿ ಹೊಸ ಅಕ್ಕಿಯ ಊಟ ಮಾಡಿ ಬಂದೆ. ಬರುವಾಗ ಹುಡುಗಿ ಬಸ್ ಸ್ಟ್ಯಾಂಡಿನವರೆಗೆ ಬಂದು, ಏನೂ ಕೇಳದೆ, ನನ್ನ ಚೀಲ ಹಿಡಿದು ನಿಂತಿದ್ದಳು. ಅವಳು ಕೇಳಿದ್ದರೆ ಸುಲಭವಾಗುತ್ತಿತ್ತು.

ಮನೆಗೆ ಬಂದು ನೋಡಿದರೆ ನನ್ನ ಕಂಪ್ಯೂಟರಿನ ಕುತ್ತಿಗೆಗೂ ಕದಿರು ಕಟ್ಟಿತ್ತು. ನನ್ನ ಕೋಣೆಗೆ ನಾನಿಲ್ಲದಾಗ ನುಗ್ಗಿದ್ದಾರೆಂದು ಸಿಟ್ಟು ಬಂತು, ಆದರೆ ಹಬ್ಬದ ವಿಷಯ, ಏನು ಹೇಳುವುದು? ಮರುದಿನ ಅತ್ತಿಗೆ ಸ್ನಾನಕ್ಕೆ ಹೋದರು. ನಾನು ಪ್ರಿಂಟ್ ಒತ್ತಿದೆ. ಕೆಳಗೆ ಸದ್ದಿಲ್ಲ. ನೆಟ್‌ವರ್ಕ್ ತೆರೆದು ನೋಡಿದರೆ ಅಲ್ಲಿ ನನ್ನ ಕಂಪ್ಯೂಟರ್ ಒಂದೇ ಇತ್ತು. ಅತ್ತಿಗೆಯ ಕಂಪ್ಯೂಟರ್ ಇಲ್ಲ. ಇನ್ನೊಮ್ಮೆ ಒತ್ತಿದಾಗ ಒಂದು ಚೌಕದಲ್ಲಿ ಇಂಗ್ಲಿಷ್ ಬಂತು: ಇದನ್ನು ಬಳಸಲು ನಿಮಗೆ ಪರ್ಮಿಷನ್ ಇಲ್ಲದಿರಬಹುದು, ಅಡ್ಮಿನಿಸ್ಟ್ರೇಟರನ್ನು ವಿಚಾರಿಸಿ. ನನಗೆ ನಗು ಬರಬೇಕಿತ್ತು. ಬರಲಿಲ್ಲ. ಐ ವಾಸ್ ಫ್ಯೂರಿಯಸ್. ಅಡ್ಮಿನಿಸ್ಟ್ರೇಟರ್ ಬಚ್ಚಲಿನಲ್ಲಿ ಮೈಗೆ ನೀರು ಹೊಯ್ದುಕೊಳ್ಳುತ್ತಿದ್ದರು.

ಗೊತ್ತಾಗಿದೆ, ಅದಕ್ಕೇ ತಪ್ಪಿಸಿದ್ದಾರೆ ಎಂದೇ ನಾನು ತಿಳಿದೆ. ಆದರೂ ಅವರು ಸ್ನಾನ ಮುಗಿಸಿ ಚಾವಡಿಗೆ ಬಂದ ಮೇಲೆ ಮೇಲಿನಿಂದ ಕೂಗಿ ಕೇಳಿದೆ.

"ಅತ್ತಿಗೆ, ನಿಮ್ಮ ಕಂಪ್ಯೂಟರ್ ನನ್ನ ಕಂಪ್ಯೂಟರಿಗೆ ಕಾಂತಿಲ್ಲ!"

"ನನ್ನದ್ದ್ ನಂಗೆ ಕಾಂತಿತ್ತ್!" ಎಂದು ಕೆಳಗಿನಿಂದ ಉತ್ತರ ಬಂತು.

"ಒಂದ್ ಸಲ ಕಾಣಿ, ಅಲ್ಲೆಂತಾರೂ ಮೆಸೇಜ್ ಬಂದಿತ್ತಾ ಅಂದೇಳಿ."

"ಎಂತ ಬಂದಿಲ್ಲ. ನನ್ನದ್ರಗೆ ಪ್ರಿಂಟ್ ಬತ್ತಿತ್ತ್, ಜಾತ್ಕ ಬತ್ತಿತ್ತ್. ಹಾಳಾದ್ದ್ ನಿನ್ನದ್ದೇ. ಪುಸ್ತಕದ ಧೂಳ್ ಕುಂತ್ ಹಾಳಾಯ್ತ್."

"ನಾನ್ ಬಂದ್ ಕಾಂತೆ."

"ಎಂತಕೆ? ಎಲ್ಲರ ಮನಿ ಗುಟ್ಟ್ ಇದ್ರೊಳ್ಗೆ ಇತ್ತ್. ನೀ ಮೇಲೇ ಇರ್."

ಅದು ನಿಜ. ಅವರ ಕಂಪ್ಯೂಟರನ್ನು ಮುಟ್ಟಲು ನನ್ನನ್ನು ಬಿಡುತ್ತಿರಲಿಲ್ಲ. ಕಂಪ್ಯೂಟರಿನ ಜೊತೆ ಬಂದ ಪುಸ್ತಕದಲ್ಲಿ ನೋಡಿ ಪಿಂಗ್ ಮಾಡುವುದನ್ನು ಕಲಿತೆ. ಪಿಂಗ್ ಎಂದರೆ ಒಂದು ಕಂಪ್ಯೂಟರ್ ಇನ್ನೊಂದನ್ನು 'ಇದ್ದೀಯಾ?' ಎಂದು ಕರೆದು ನೋಡುವುದು. ನಾನು ಕರೆದೆ, ಉತ್ತರ ಬರಲಿಲ್ಲ. ಮತ್ತೆ ಕರೆದೆ. ಕಪ್ಪು ಪರದೆಯ ಮೇಲೆ ಅದೇ ಸಾಲು: ಟೈಮ್ಡ್ ಔಟ್, ಟೈಮ್ಡ್ ಔಟ್. ಈ ಮನೆಯಲ್ಲಿ ನನಗೆ ಅದು ಹೊಸದೇನಲ್ಲ.

ತಲ್ಲೂರಿನವನಿಗೆ ಫೋನು ಮಾಡಿದೆ. ಸಂಸಾರಸ್ಥ, ಮೀಸೆ ಹೊತ್ತ ಮನುಷ್ಯ. ತನಗೆ ತಿಳಿಯದ್ದು ಯಾವುದೂ ಇಲ್ಲ ಎಂಬಂತೆ ಬೀಗದಕೈ ತಿರುಗಿಸುತ್ತಾ ಬಂದ. ಮೊದಲು ಚಾವಡಿಗೆ ಹೋದ. ಅಲ್ಲಿ ಅತ್ತಿಗೆ ಸಾಸ್ತಾನದಿಂದ ಬಂದಿದ್ದ ಯಾರಿಗೋ ಜಾತಕ ತೋರಿಸುತ್ತಿದ್ದರು.

"ಹ್ವಾಯ್, ನನ್ನದ್ರ ಮಂಡೆಗ್ ಕೈ ಹಾಕ್ಬೇಡಿ. ಹಾಳಾದ್ದ್ ಮೇಲಿನದ್ದ್. ಅಲ್ಲ್ ಹೋಯಿನಿ."

ಅವನು ಮೇಲೆ ಬಂದ. ಫೈರ್‌ವಾಲ್ ಎಂದ, ಅದೊಂದು ಗೋಡೆ, ಅದು ತಡೆಯುತ್ತದೆ ಎಂದು ಆಫ್ ಮಾಡಿದ. ಆಗಲಿಲ್ಲ. ವರ್ಕ್‌ಗ್ರೂಪ್ ಹೆಸರು ಎರಡಕ್ಕೂ ಒಂದೇ ಇರಬೇಕು ಎಂದು ನನ್ನದನ್ನು ಬದಲಿಸಿದ. ಆಗಲಿಲ್ಲ. ಕಂಪ್ಯೂಟರಿನ ವಿಳಾಸವೆಂದು ಇರುವ ನಂಬರಿನ ಕೊನೆಯ ಅಂಕಿ ಬದಲಿಸಿದ. ಆಗಲಿಲ್ಲ. ಅವನ ಬೀಗದಕೈ ತಿರುಗುವುದು ನಿಂತಿತು. "ಮೇಡಮ್, ನಿಮ್ಮ ಸಿಸ್ಟಮ್ ತುಂಬಾ ಓಲ್ಡ್. ಫಾರ್ಮ್ಯಾಟ್ ಹೊಡಿಯುದೇ."

"ಫಾರ್ಮ್ಯಾಟ್ ಅಂದ್ರೆ ಅದ್ರೊಳ್ಗೆ ಇದ್ದದ್ದೆಲ್ಲ ಹೋತ್ತಾ?"

"ಹೋತ್ತ್. ಆದ್ರೆ ಕ್ಲೀನ್ ಆತ್ತ್."

"ಹೋದ ತಿಂಗ್ಳ್ ಸರಿ ಇದ್ದದ್ದ್ ಈ ತಿಂಗ್ಳ್ ಎಂತಕೆ ಓಲ್ಡ್ ಆಯ್ತ್? ಮೆಟ್ಲಡಿಗಿನ ಬಾಕ್ಸ್ ಕಂಡ್ರ್ಯಾ?"

"ಬಾಕ್ಸಿಗೆ ಎಂತ ಆತ್ತ್ ಮೇಡಮ್? ಅದ್ ಮಣ್ಣಾದ್ರೂ ಹಾಳಾತಿಲ್ಲ" ಎಂದು ಹೇಳಿ ಅವನು ಇಳಿದುಹೋದ. ಇಳಿಯುವಾಗ ಅತ್ತಿಗೆ ಕರೆದು ಚಾ ಕೊಟ್ಟರು. ಇಬ್ಬರೂ ನಕ್ಕಿದ್ದು ನನಗೆ ಕೇಳಿಸಿತು. "ನಾನ್ ಗಂಡ್ ಹೆಣ್ಣ್ ಒಂದೇ ಸಲಕ್ಕೆ ಕೂರ್ಸಿ ಮಾತಾಡ್ಸ್ತೆ, ನಿನ್ನತ್ರ ಎರಡ್ ಪೆಟ್ಟಿಗಿ ಮಾತಾಡ್ಸೂಕೆ ಆಯ್ಲಿಲ್ಯಾ?" ಎಂದು ಅವರು ಕೇಳಿದ್ದೂ ಕೇಳಿಸಿತು.

ಆ ರಾತ್ರಿ ಊಟದಲ್ಲಿ ನಾನು ನನ್ನವರಿಗೆ ಹೇಳಿದೆ, ಅತ್ತಿಗೆಗೆ ಕೇಳುವ ಹಾಗೆ: "ಈ ಮನೆಯಲ್ಲಿ ಕೆಲವರು ಯಂತ್ರಕ್ಕೂ ಮಾಟ ಮಾಡುತ್ತಾರೆ." ನನ್ನವರು ಸಾರಿಗೆ ಉಪ್ಪು ಸಾಕಾಗಿದೆಯೇ ಎಂದು ಯೋಚಿಸುವವರಂತೆ ಬಟ್ಟಲನ್ನೇ ನೋಡಿದರು. ಅತ್ತಿಗೆ ಅವರಿಗೇ ಹೇಳಿದರು, ನನಗೆ ಕೇಳುವ ಹಾಗೆ: "ಕೆಲವ್ರಿಗೆ ಕಾನ್ವೆಂಟಿನಗೆ ಎಲ್ಲ ಕಲ್ಸಿದ್ರ್, ಉಂಬತ್ತಿಗೆ ಬಾಯ್ ಮುಚ್ಚೂಕೆ ಕಲ್ಸ್ಲಿಲ್ಲ." ವಾಸ್ತವದಲ್ಲಿ ಸಿಸ್ಟರ್‌ಗಳು ಮೊದಲು ಕಲಿಸಿದ್ದೇ ಅದು. ನಾನು ಮರೆತಿದ್ದೆ ಅಷ್ಟೆ.

ಅವರು ಮಾಡಿದ್ದಲ್ಲವೆಂದು ನನಗೆ ಒಂದು ಕ್ಷಣವೂ ಅನಿಸಲಿಲ್ಲ. ದಿನಾ ಬೆಳಿಗ್ಗೆ ಎದ್ದು ಒಂದು ಪ್ರಿಂಟ್ ಒತ್ತುತ್ತಿದ್ದೆ. ಮಧ್ಯಾಹ್ನ ಒಂದು, ಸಂಜೆ ಎರಡು. ಒತ್ತಿದ್ದೆಲ್ಲ ಎಲ್ಲಿ ಹೋಗುತ್ತದೆಂದು ಯೋಚಿಸಲೂ ಇಲ್ಲ. ಬಾಗಿಲು ಬಡಿಯುವವರು ಎಷ್ಟು ಸಲ ಬಡಿದೆನೆಂದು ಎಣಿಸುವುದುಂಟೇ? ಬೇರೆ ಅಂಗಡಿಗೆ ಹೋಗಿ ಪ್ರಿಂಟ್ ಹಾಕಿಸಿ ತಂದು, ಅರಶಿನ ನಾನೇ ಸವರಿದರೆ ಹೇಗೆ ಎಂದೂ ಯೋಚಿಸಿದೆ. ಆದರೆ ಅತ್ತಿಗೆಯ ಅರಶಿನ ಮನೆಯ ಹಿತ್ತಿಲಿನದು, ಬಣ್ಣವೇ ಬೇರೆ. ಕಂಡುಹಿಡಿಯುತ್ತಿದ್ದರು.

ಭಾನುವಾರ ಬಂದೇಬಿಟ್ಟಿತು. ಬೈಂದೂರಿನ ಕಾರು ಅಂಗಳಕ್ಕೆ ಬಂತು. ಹುಡುಗನ ತಾಯಿ ಒಬ್ಬರೇ ಬಂದಿದ್ದರು. ಮೈತುಂಬ ಸೀರೆ, ಕೈಯಲ್ಲೊಂದು ದೊಡ್ಡ ಬ್ಯಾಗು, ಕುಳಿತ ಕೂಡಲೇ ಫ್ಯಾನ್ ಜೋರು ಮಾಡಿಸಿದರು. ಅತ್ತಿಗೆ ಹಳದಿ ಮೂಲೆಯ ಕಟ್ಟನ್ನು ಮಡಿಲಲ್ಲಿ ಇಟ್ಟುಕೊಂಡು ಒಂದೊಂದೇ ಕಾಗದ ತೆಗೆದು ಕೊಡುತ್ತಿದ್ದರು. ನಾನು ಬೆಳಿಗ್ಗೆಯೇ ಇನ್ನೊಂದು ಪ್ರಿಂಟ್ ಒತ್ತಿ, ಕಂಪ್ಯೂಟರನ್ನು ಹಾಗೆಯೇ ಬಿಟ್ಟು, ಶರಬತ್ತಿನ ನೆಪದಲ್ಲಿ ಕೆಳಗೆ ಬಂದಿದ್ದೆ. ಒಳಗಿನ ಪಡಸಾಲೆಯಿಂದ ಪರದೆಯ ಸಂದಿಯಲ್ಲಿ ಎಲ್ಲವೂ ಕಾಣುತ್ತಿತ್ತು. ಇನ್ನೊಂದು ತಾಸಿನಲ್ಲಿ ಆ ಹೆಂಗಸು ಎದ್ದು ಹೋಗುತ್ತಾರೆ, ಅಷ್ಟೇ.

ತಲ್ಲೂರಿನವನು ಮೆಟ್ಟಿಲ ಕೆಳಗಿನ ಬಾಕ್ಸ್ ನೋಡಲಿಲ್ಲವಲ್ಲ ಎಂದು ನೆನಪಾದದ್ದು ಆಗ. ಸುಮ್ಮನೆ, ಕೈಗೆ ಬೇರೆ ಕೆಲಸವಿಲ್ಲದೆ, ನನ್ನ ವಯರ್ ಇಳಿದ ದಾರಿಯನ್ನು ಕಣ್ಣಲ್ಲೇ ಹಿಡಿದು ಹೋದೆ. ಮಹಡಿಯಿಂದ ಮೆಟ್ಟಿಲ ಬದಿಗೆ, ಅಲ್ಲಿಂದ ಗೋಡೆಗುಂಟ ಕೆಳಗೆ, ಅಲ್ಲಿಂದ ಗೂಡಿನೊಳಗೆ. ಗೂಡಿನ ಬಾಗಿಲು ತೆರೆದೆ. ಬಾಕ್ಸ್ ಕಾಣಿಸಲಿಲ್ಲ. ಬಾಕ್ಸ್ ಇದ್ದ ಜಾಗದಲ್ಲಿ ಎಲೆಗಳ ಒಂದು ಪೊಟ್ಟಣ ಇತ್ತು.

ಕದಿರು! ಮನೆಯ ಎಲ್ಲದಕ್ಕೂ ಕಟ್ಟಿದವರು ಇದನ್ನು ಬಿಡುತ್ತಾರೆಯೇ? ಚಿಕ್ಕ ಬಾಕ್ಸ್ ಆದ್ದರಿಂದ ಸುತ್ತ ನಾರು ಬಿಗಿಯಲು ವಯರುಗಳು ಅಡ್ಡ ಬಂದಿರಬೇಕು. ವಯರ್ ಕಿತ್ತು, ಮಾವಿನೆಲೆ ಹಲಸಿನೆಲೆ ಸುತ್ತಿ, ಮೂರು ಸುತ್ತು ನಾರು ಬಿಗಿದು, ಮತ್ತೆ ವಯರುಗಳನ್ನು ಎಲೆಯ ನಡುವೆ ಸಿಕ್ಕ ತೂತಿಗೆ ಚುಚ್ಚಿದ್ದರು. ನನ್ನ ವಯರ್ ಸರಿಯಾದ ತೂತಿನಲ್ಲಿ ಇತ್ತು. ಅತ್ತಿಗೆಯದು ತುದಿಯಲ್ಲಿ ಬೇರೆಯಾಗಿ ಇರುವ ತೂತಿನಲ್ಲಿ ಇತ್ತು. ಅದು ಇಂಥದೇ ಇನ್ನೊಂದು ಬಾಕ್ಸನ್ನು ಜೋಡಿಸುವಾಗ ಬಳಸುವ ತೂತು, ಕಂಪ್ಯೂಟರಿಗೆ ಅಲ್ಲ. ಅಂಗಡಿಯವನು ಮೊದಲ ದಿನ ಅದನ್ನು ತೋರಿಸಿ 'ಇಲ್ಲಿಗೆ ಹಾಕ್ಬೇಡಿ' ಎಂದದ್ದು ನನಗೆ ನೆನಪಿತ್ತು. ಸರಿಯಾದ ತೂತುಗಳ ಮೇಲೆ ಎಲೆ ಬಿಗಿದು ಕುಳಿತಿತ್ತು. ಎಲೆ ಹರಿಯದೆ, ನಾರು ಬಿಚ್ಚದೆ ವಯರನ್ನು ಅಲ್ಲಿಗೆ ಹಾಕಲು ಸಾಧ್ಯವೇ ಇರಲಿಲ್ಲ.

ಬೆರಳಿನಿಂದ ಬಿಚ್ಚಲು ನೋಡಿದೆ. ಆಗಲಿಲ್ಲ; ಅತ್ತಿಗೆಯ ಗಂಟು ಅತ್ತಿಗೆಯ ಹಾಗೆಯೇ. ಹೊಲಿಗೆಯ ಡಬ್ಬಿಯಿಂದ ಕತ್ತರಿ ತಂದೆ. ಪಡಸಾಲೆಯ ಬೆಂಚಿನಲ್ಲಿ ಪೇಪರ್ ಓದುತ್ತಿದ್ದ ನನ್ನವರು ಎದ್ದು ಬಂದರು.

"ಏಯ್, ಕದ್ರ್! ಕದ್ರ್ ಕಡಿಬೇಡ ಮಾರಾಯ್ತಿ. ಅಕ್ಕನಿಗೆ ಗೊತ್ತಾದ್ರೆ..."

"ನಿಮ್ಮಕ್ಕನಿಗೆ ಗೊತ್ತಾಗ್ಲಿ."

"ನಮ್ಮ ಮನಿ ಕದ್ರದ್. ಹೊರಗಿನವ್ರ್ ಮುಟ್ಟುಕಾಗ."

ಅವರು ಅದನ್ನು ಕೆಟ್ಟದಾಗಿ ಹೇಳಲಿಲ್ಲ. ಮಳೆ ಬರುತ್ತದೆ ಎಂದು ಹೇಳುವ ಹಾಗೆ ಹೇಳಿದರು. ಆದರೆ 'ಹೊರಗಿನವ್ರ್' ಎಂಬ ಆ ಒಂದು ಶಬ್ದ ಬಾಯಿಂದ ಬರದಿದ್ದರೆ ನಾನು ಕತ್ತರಿಯನ್ನು ಕೆಳಗೆ ಇಡುತ್ತಿದ್ದೆನೋ ಏನೋ. ಅಷ್ಟು ವರ್ಷ ಜೊತೆಗೆ ಮಲಗಿ ಎದ್ದ ಮನುಷ್ಯ! ನಾರಿನ ಕೆಳಗೆ ಕತ್ತರಿ ತೂರಿಸಿ ಕಡಿದೆ. ಭತ್ತದ ತೆನೆ ಮಡಿಲಿಗೆ ಉದುರಿತು. ಅತ್ತಿಗೆಯ ವಯರನ್ನು ಕಿತ್ತು ಸರಿಯಾದ ತೂತಿಗೆ ಒತ್ತಿದೆ. ಬಾಕ್ಸಿನ ಹಸಿರು ದೀಪ ಒಂದು ಸಲ ಕಣ್ಣು ಮಿಟುಕಿಸಿ ಹತ್ತಿಕೊಂಡಿತು.

ಮೇಲೆ ಹೋಗಿ ಪ್ರಿಂಟ್ ಒತ್ತಬೇಕೆಂದು ಮಡಿಲ ತೆನೆ ಹಿಡಿದು ಏಳಹೊರಟೆ. ಏಳುವುದರೊಳಗೆ ಚಾವಡಿಯಲ್ಲಿ ಪ್ರಿಂಟರ್ ತಾನಾಗಿಯೇ ಕಿರ್ರೆಂದಿತು.

ಪರದೆಯ ಸಂದಿಯಿಂದ ನೋಡಿದೆ. ಬೈಂದೂರಿನ ಹೆಂಗಸು ಕೈಯಲ್ಲಿದ್ದ ಕಾಗದ ಬಿಟ್ಟು ಪ್ರಿಂಟರಿನ ಕಡೆ ತಿರುಗಿದ್ದರು. ಒಂದು ಕಾಗದ ಬಂತು. ಅತ್ತಿಗೆ ಅದನ್ನು ಎತ್ತಿಕೊಂಡು ನೋಡಿ, ಮುಖ ಬಿಗಿದು, ಮಡಿಲಿನ ಕಟ್ಟಿನ ಕೆಳಗೆ ಹಾಕಿದರು. ಇನ್ನೊಂದು ಬಂತು. ಅದನ್ನೂ ಹಾಕಿದರು. ಮತ್ತೊಂದು. ಆ ವಾರವಿಡೀ ನಾನು ಬಡಿದ ಬಾಗಿಲುಗಳೆಲ್ಲ ಒಟ್ಟಿಗೆ ತೆರೆದಿದ್ದವು. ಒತ್ತಿದ ಒಂದೊಂದು ಪ್ರಿಂಟೂ ಮೇಲಿನ ಕಂಪ್ಯೂಟರಿನಲ್ಲಿ ಸಾಲುಗಟ್ಟಿ ನಿಂತಿತ್ತಂತೆ. ದಾರಿ ಸಿಕ್ಕ ಕೂಡಲೇ ಇಳಿದು ಬಂದವು. ಅತ್ತಿಗೆಯ ಕೈ ಸಾಲಲಿಲ್ಲ. ಕಾಗದಗಳು ಟ್ರೇಯಿಂದ ಜಾರಿ ನೆಲಕ್ಕೆ ಬಿದ್ದವು, ಫ್ಯಾನಿನ ಗಾಳಿಗೆ ಚಾವಡಿಯ ತುಂಬ ಹರಡಿದವು. ಅತ್ತಿಗೆ ಪ್ರಿಂಟರಿನ ಪ್ಲಗ್ ಕಿತ್ತರು. ಅಷ್ಟು ಹೊತ್ತಿಗೆ ಬೈಂದೂರಿನವರು ಬಗ್ಗಿ ಒಂದನ್ನು ಎತ್ತಿ, ಕನ್ನಡಕ ಹಾಕಿಕೊಂಡಿದ್ದರು.

"ಎಂತ ಇದ್? ಒಂದೇ ಹೆಣ್ಣ್ ಎಷ್ಟ್ ಸಲ ಬಪ್ಪುದ್?" ಎಂದರು. ಇನ್ನೊಂದನ್ನು ಎತ್ತಿ ನೋಡಿದರು. "ಇದೂ ಅವ್ಳೇ. ಹಟ ಹಿಡ್ದ್ ಬಂದ ಹಂಗಿತ್ತಲೆ."

ಅತ್ತಿಗೆ ಏನು ಹೇಳುತ್ತಾರೆಂದು ನಾನು ಕಾದೆ. ಮಡಿಲಲ್ಲಿ ತೆನೆ, ಕೈಯಲ್ಲಿ ಕತ್ತರಿ.

ಅವರು ಸೆರಗು ಸರಿಮಾಡಿಕೊಂಡರು. "ಕಾಣಿ ಅಮ್ಮ, ನಾನ್ ತೋರ್ಸುಕಾಗ ಅಂದೇಳಿ ಒಳಗಿಟ್ಟದ್ದ್. ಹೊಸ್ತಿನ ವಾರ. ತನ್ನಷ್ಟಕ್ಕೇ ಹೊರಗ್ ಬಂತ್. ಇನ್ನ್ ನಾನ್ ಎಂತ ಮಾಡುದ್? ದೇವ್ರ್ ಕೊಟ್ಟದ್ದನ್ನ್ ನಾನ್ ಅಡ್ಡ ಹಾಕುಕಾತ್ತಾ?"

ಎಷ್ಟು ಧೈರ್ಯ! ಒಂದು ವಾರದ ನನ್ನ ಕೆಲಸವನ್ನು ಅರೆಕ್ಷಣದಲ್ಲಿ ದೇವರ ಹೆಸರಿಗೆ, ಅಂದರೆ ತಮ್ಮ ಹೆಸರಿಗೆ ಬರೆದುಕೊಂಡುಬಿಟ್ಟರು. ಬೈಂದೂರಿನವರು ಕಾಗದವನ್ನು ಹಣೆಗೆ ಒತ್ತಿಕೊಂಡು ಬ್ಯಾಗಿಗೆ ಹಾಕಿಕೊಂಡರು. ಉಳಿದ ಹುಡುಗಿಯರ ಕಾಗದಗಳನ್ನು ಮತ್ತೆ ಕೇಳಲೇ ಇಲ್ಲ.

ಕಾರು ಹೋದ ಮೇಲೆ ಅತ್ತಿಗೆ ಪರದೆ ಸರಿಸಿ ಪಡಸಾಲೆಗೆ ಬಂದರು. ಕೆಳಗೆ ಬಿದ್ದ ನಾರನ್ನು ನೋಡಿದರು, ಎಲೆಗಳನ್ನು ನೋಡಿದರು.

"ಕಡ್ದ್ಯಾ?"

"ಕಡ್ದೆ. ನೀವ್ ವಯರ್ ತಪ್ಪ್ ತೂತಿಗೆ ಹಾಕಿದ್ರಿ. ನಿಮ್ಮ ಕಂಪ್ಯೂಟರಗೆ ಲೈನ್ ಇಲ್ಲ ಅಂಬ ಕೆಂಪ್ ಕ್ರಾಸ್ ಕಾಣ್ಲಿಲ್ಯಾ?"

"ಕಂಡಿತ್ತ್. ದಿನಾ ಬತ್ತಿತ್ತ್, ದಿನಾ ಒತ್ತಿ ತೆಗಿತಿದ್ದೆ."

"ನಾನ್ ಕೇಂಡಾಗ ಎಂತ ಬಂದಿಲ್ಲ ಅಂದ್ರಿ!"

"ನಿಂಗೆಂತಕ್ಕೆ ಹೇಳ್ಕ್? ನನ್ನ ಕಂಪ್ಯೂಟರ್." ತೆನೆಯನ್ನು ನನ್ನ ಮಡಿಲಿನಿಂದ ಒಂದು ಕಾಳೂ ಬಿಡದೆ ಆಯ್ದುಕೊಂಡರು. "ನಮ್ಮಬ್ಬಿ ಕಾಲದಿಂದ ಈ ಮನಿಯಗೆ ಕದ್ರಿಗೆ ಕತ್ರಿ ಹಾಕಿದವ್ರಿಲ್ಲ. ನೀ ಹಾಕ್ದೆ." ಅಷ್ಟು ಹೇಳಿ ದೇವರ ಕೋಣೆಗೆ ಹೋದರು. ನನ್ನ ಜೊತೆ ಅವರು ಆಡಿದ ಬಿರುಸು ಮಾತುಗಳಲ್ಲಿ ನನಗೆ ನಿಜವಾಗಿ ತಾಗಿದ್ದು ಅದೊಂದು. ಆದರೂ ಕ್ಷಮೆ ಕೇಳಲಿಲ್ಲ. ಈಗಲೂ ಕೇಳುವ ಮನಸ್ಸಿಲ್ಲ.

ಸ್ವಲ್ಪ ದಿನದಲ್ಲಿಯೇ ಬೈಂದೂರಿನವರು ಹುಡುಗನನ್ನು ಕರೆದುಕೊಂಡು ಬ್ರಹ್ಮಾವರಕ್ಕೆ ಹೋದರು. ನಾನೂ ಹೋಗಿದ್ದೆ. ಹುಡುಗಿ ಶಾಲೆಯಿಂದ ಬಂದ ಸೀರೆಯಲ್ಲಿಯೇ ಎದುರಿಗೆ ಕುಳಿತಳು. ಹುಡುಗ ಕೆಟ್ಟವನಲ್ಲ. ಹೋಟೆಲಿನ ಬಗ್ಗೆ ಹೇಳಿದ, ಮಾಟುಂಗದ ಮಳೆಯ ಬಗ್ಗೆ ಹೇಳಿದ. ತಾಯಿ ಹೇಳಿದ್ದು ಬೇರೆ: "ಮದಿ ಆದ್ಮೇಲೆ ಶಾಲಿಗೆ ಹೋಪುದೆಲ್ಲ ಎಂತಕೆ? ಹೋಟ್ಲಿನ ಗಲ್ಲೆಯಗೆ ಕೂಕಂಡ್ರೆ ಲೆಕ್ಕಕ್ಕೆ ಆತ್ತ್. ವಿಜ್ಞಾನ ಓದ್ದವ್ಳ್ ಅಲ್ದಾ." ಹುಡುಗಿ ನಕ್ಕಳು. ಅವರು ಎದ್ದು ಹೊರಡುವಾಗ 'ನಮ್ಗೆ ಒಪ್ಗಿ' ಎಂದು ಅಲ್ಲಿಯೇ ಹೇಳಿಬಿಟ್ಟರು. ನನ್ನ ಅಕ್ಕನ ಕಣ್ಣಲ್ಲಿ ನೀರು ಬಂತು. ಆ ಹಳೆಯ ಸಂಬಂಧ ಮುರಿದ ಮೇಲೆ ಅಷ್ಟು ವರ್ಷಗಳಲ್ಲಿ ಆ ಮನೆಯ ಮೆಟ್ಟಿಲ ಮೇಲೆ ನಿಂತು ಯಾರೂ ಆ ಮಾತನ್ನು ಆಡಿರಲಿಲ್ಲ.

ಕಾರು ತಿರುವು ದಾಟಿದ ಮೇಲೆ ಹುಡುಗಿ ಕಾಫಿಯ ಲೋಟಗಳನ್ನು ಎತ್ತುತ್ತಾ ಹೇಳಿದಳು: "ಅಮ್ಮ, ಚಿಕ್ಕಮ್ಮ, ನಂಗೆ ಆ ಮನಿ ಬ್ಯಾಡ."

ಅಕ್ಕ ಕುಸಿದು ಕುಳಿತಳು. ನಾನು ಅಷ್ಟೆಲ್ಲ ಮಾಡಿದ್ದು ಯಾರಿಗಾಗಿ? ಆದರೆ ಅವಳು ನನ್ನನ್ನು ಕೇಳಿದ್ದು ಗಂಡನನ್ನಲ್ಲ, ಹೊರಗೆ ಬಿಡಿಸಿ ಎಂದಷ್ಟೇ. ಅದು ಲೋಟ ತೊಳೆಯುವ ಸದ್ದು ಕೇಳುತ್ತಾ ಕುಳಿತಾಗ ನಿಧಾನವಾಗಿ ತಲೆಗೆ ಇಳಿಯಿತು.

ಸುದ್ದಿಯನ್ನು ಬೈಂದೂರಿಗೆ ಮುಟ್ಟಿಸಬೇಕಾದವರು ಅತ್ತಿಗೆ. ಅದು ಅವರ ಕೆಲಸದ ಕ್ರಮ. ನಾನು ಕುಂದಾಪುರಕ್ಕೆ ಬಂದು ಚಾವಡಿಯ ಬಾಗಿಲಲ್ಲಿ ನಿಂತು ಹೇಳಿದೆ. ಬೈಗುಳಕ್ಕೆ ತಯಾರಾಗಿಯೇ ನಿಂತಿದ್ದೆ.

"ಬ್ಯಾಡ ಅಂದ್ಲಾ?" ಎಂದರು. "ಆ ಬೈಂದೂರಿನ ಮನಿಯನ್ನಾ?"

"ಹೌದು. ಶಾಲೆ ಬಿಡುವುದಿಲ್ಲವಂತೆ."

"ಅಬ್ಬಿಯಂತೆ ಮಗ್ಳ್" ಎಂದು ತಾಯಿ ಮಗಳಿಬ್ಬರನ್ನೂ ಸೇರಿಸಿ ಗೊಣಗಿ ಫೋನಿನ ಕಡೆಗೆ ಕೈಚಾಚಿದರು. ನಂಬರ್ ಒತ್ತುವ ಮೊದಲು ಎಲೆಯಡಿಕೆ ಉಗುಳಿ ಬಂದು ಗಂಟಲು ಸರಿಮಾಡಿಕೊಂಡರು. "ಹ್ವಾಯ್ ಅಮ್ಮ, ಹೆಣ್ಣಿಗೆ ಮನಸ್ಸಿಲ್ಲ ಅಂಬ್ರ್." ಆಚೆಯ ಕಿರುಚಾಟ ನನಗೂ ಕೇಳಿಸಿತು, ಮೂವತ್ತು ದಾಟಿದವಳಿಗೆ ಎಷ್ಟು ಜಂಬ, ಅವಳನ್ನು ಯಾರು ಕೇಳುತ್ತಾರೆ, ದೇವರೇ ಕೊಟ್ಟದ್ದು ಎಂದಿರಲ್ಲ. ಅತ್ತಿಗೆ ರಿಸೀವರನ್ನು ಕಿವಿಯಿಂದ ದೂರ ಹಿಡಿದು ಮುಗಿಯುವವರೆಗೆ ಕಾದರು. ಆಮೇಲೆ ತಣ್ಣಗೆ ಹೇಳಿದರು: "ದೇವ್ರ್ ತೋರ್ಸಿದ್ದ್ ಅಷ್ಟೆ. ಕಟ್ಟಿ ಕೊಡ್ತೆ ಅಂದಿಲ್ಲ. ನಿಮ್ ಮಗ ಬೇಡ ಅಂದ ಹೆಣ್ಣಿನವ್ರಿಗೆ ನೀವ್ ಕಾರಣ ಹೇಳಿದ್ರ್ಯಾ? ಹಂಗಾರೆ ಇವ್ಳ್ ಎಂತಕೆ ಹೇಳ್ಕ್?" ರಿಸೀವರ್ ಇಟ್ಟರು. ನನ್ನ ಕಡೆ ತಿರುಗಿ, "ಎಂತ ಕಾಂತೆ? ಹೋಗ್. ನಾಳೆ ಆ ತಲ್ಲೂರಿನವನ್ನ ಕರ್ಸಿ ವಯರ್ ತೆಗಿಸ್ತೆ. ನಂಗ್ ನಿನ್ನ ಸಾವಾಸ ಬ್ಯಾಡ" ಎಂದರು.

ಹೇಳಿದ ಹಾಗೆಯೇ ತೆಗೆಸಿದರು. ನಾನು ಬೇರೆ ಪ್ರಿಂಟರ್ ತಂದೆ, ಬೇರೆ ಕೆಲಸ ಹಿಡಿದೆ. ಅವರು ತೀರಿಹೋಗುವವರೆಗೂ ನಮ್ಮ ನಡುವೆ ಸಖ್ಯವೇನೂ ಆಗಲಿಲ್ಲ.

ಆ ಫೋನಿನ ದಿನದ ಸಂಜೆಯೇ ನಾನು ಹುಡುಗಿಗೆ ಫೋನು ಮಾಡಿ, ಅತ್ತಿಗೆ ಬೈಂದೂರಿಗೆ ಹೇಳಿದ ಮಾತನ್ನು ಶಬ್ದ ಬಿಡದೆ ಒಪ್ಪಿಸಿದೆ. ಆಚೆಯಿಂದ ಬಹಳ ಹೊತ್ತು ನಗು ಕೇಳಿಸಿತು. ನಿಂತ ಮೇಲೆ ಅವಳು ಕೇಳಿದಳು: "ಚಿಕ್ಕಮ್ಮ, ಬ್ಯಾಡ ಅಂಬುಕೆ ಎಷ್ಟ್ ಲಾಯ್ಕ್, ಎಷ್ಟ್ ಖುಷಿ ಆತ್ತ್, ನಿಮ್ಗ್ ಗೊತ್ತಿತ್ತಾ?"